ರುಚಿ ಹತ್ತಿದ ಕಲ್ಲು

"ಆ ಕಲ್ಲಿನ ಮ್ಯಾಲ ಬ್ಯಾಡ, ಇಂದೂ! ರಕ್ತದ ಅಂಗಿ ಅದಕ್ಕ ಮುಟ್ಟಸಬ್ಯಾಡ!"

ಅತ್ತೆ ಅಂಬಾಬಾಯಿ ಹಿತ್ತಲ ಹೊಸ್ತಿಲು ದಾಟಲಿಲ್ಲ. ಬಾವಿಯ ಪಕ್ಕದ ಆ ಒಗೆಯುವ ಕಲ್ಲಿಗೆ ದಾಯಾದಿಗಳು ಮಾಟ ಮಾಡಿಸಿದ್ದರಂತೆ. ಯಾರ ರಕ್ತದ ರುಚಿ ಹತ್ತಿತೋ ಅವರನ್ನು ಪೂರ್ತಿ ಕುಡಿಯದೆ ಅದು ಬಿಡುವುದಿಲ್ಲವಂತೆ.

"ಕಲ್ಲಿಗೆ ನಾಲಿಗಿ ಎಲ್ಲದ, ಅತ್ಯಾ? ತೋರಸ್ರಿ, ಅದಕ್ಕೂ ಸ್ವಲ್ಪ ಉಪ್ಪು ಹಚ್ಚತೀನಿ," ಎಂದಳು ಇಂದು. ಬೆಳಗಾವಿಯಿಂದ ಸೊಸೆಯಾಗಿ ಬಂದು ಅವಳಿಗೆ ಇನ್ನೂ ಒಂದು ಮಳೆಗಾಲ ಕಳೆದಿರಲಿಲ್ಲ.

ನಲವತ್ತೆರಡರ ಚಳವಳಿಯ ದಿನಗಳು. ಗಂಡ ಬಿಂದುಮಾಧವ ರಾಯಾಪುರದ ಬಳಿ ಸರ್ಕಾರದ ತಂತಿ ಕತ್ತರಿಸುವಾಗ ಮುಂಗೈ ಸೀಳಿಕೊಂಡು ಬಂದಿದ್ದ. ಗಾಯ ದೊಡ್ಡದಲ್ಲ. ಖಾದಿ ಅಂಗಿ ಮಾತ್ರ ತೊಯ್ದುಹೋಗಿತ್ತು. ಕಂಬದ ಬುಡದಲ್ಲಿ ರಕ್ತ ಕಂಡ ಪೊಲೀಸರು ಓಣಿ ಓಣಿಯಲ್ಲಿ ಕಲೆಯಾದ ಬಟ್ಟೆ ಹುಡುಕುತ್ತಿದ್ದರು. ಸಿಕ್ಕರೆ ಅವನಿಗೆ ಜೈಲು ತಪ್ಪದು.

ಹಸಿ ರಕ್ತಕ್ಕೆ ತಣ್ಣೀರು ಬೇಕು, ಉಪ್ಪು ಬೇಕು. ಬಿಸಿನೀರು ತಾಗಿತೋ, ಕಲೆ ಹೆಪ್ಪುಗಟ್ಟಿ ನೂಲಿಗೇ ಕಚ್ಚಿಕೊಳ್ಳುತ್ತದೆ. ಇದು ಇಂದುವಿಗೆ ಅವಳ ಅವ್ವ ಕಲಿಸಿದ್ದು. ಬಾವಿನೀರು ಸುರಿದು ಅಂಗಿಗೆ ಉಪ್ಪು ತಿಕ್ಕಿದಳು. ಕಲೆ ಬಿಟ್ಟಿತು. ಆದರೆ ಮೋರಿಗೆ ಹರಿದದ್ದು ತಿಳಿನೀರು. ಕೆಂಪೆಲ್ಲ ಕಲ್ಲಿನೊಳಗೆ ಇಳಿಯುತ್ತಿತ್ತು. ಕಿಲುಬು ಹಿಡಿದ ತಾಮ್ರದ ವಾಸನೆ ಮೂಗಿಗೆ ಅಡರಿತು. ಕಲ್ಲಿನಡಿಯಿಂದ ಸದ್ದು. ಕರು ಕೆಚ್ಚಲು ಚೀಪುವಂಥ ಸದ್ದು.

ಒಳಗೆ ಬಿಂದುಮಾಧವ ಚೀರಿದ. "ಅವ್ವಾ, ರಕ್ತ ನಿಲ್ಲವಲ್ದು!"

ಇಂದು ಏಳಲು ನೋಡಿದಳು. ಬಲಗೈ ಕಲ್ಲಿಗೆ ಅಂಟಿತ್ತು. ಎಳೆದಳು. ಬರಲಿಲ್ಲ. ಅಂಗೈಯನ್ನು ಏನೋ ಒರಟಾಗಿ, ಬೆಚ್ಚಗೆ ನೆಕ್ಕಿತು.

ನಾಲಿಗೆ ಇತ್ತು.

ಓಣಿಯ ತುದಿಯಲ್ಲಿ ಬೂಟಿನ ಸಪ್ಪಳ. ಗಾಯ ತೊಳೆಯಲು ಕುದಿಸಿದ ನೀರಿನ ತಂಬಿಗೆ ಹಿಡಿದು ಅಂಬಾಬಾಯಿ ಬಾಗಿಲಲ್ಲಿ ನಿಂತಿದ್ದರು.

"ಹುಡುಗ ಬೆಳ್ಳಗಾಗ್ಯಾನ. ಕಲ್ಲಿಗೆ ಹಣಿ ಹಚ್ಚಿ ತಪ್ಪಾತಂತ ಬೇಡಿಕೋ, ನಮ್ಮವ್ವಾ!"

"ಇದಕ್ಕ ನಾ ಬೇಡಕೊಳ್ಳಲಾ? ತಂಬಿಗಿ ಇತ್ತ ಕೊಡ್ರಿ."

"ಕುದಿಯೋ ನೀರದ!"

"ಅದಕ್ಕ ಕೊಡ್ರಿ ಅಂದೆ. ಕುಡದದ್ದು ಅದರ ಗಂಟಲದಾಗ ಹೆಪ್ಪುಗಟ್ಟಲಿ."

ಅಂಬಾಬಾಯಿ ಹೊಸ್ತಿಲು ದಾಟಿದರು. ಇಂದು ಎಡಗೈಯಿಂದ ತಂಬಿಗೆ ಕಸಿದಳು. ಕಲ್ಲಿನ ಮೇಲೆ, ತನ್ನ ಬಲಗೈಯ ಮೇಲೆ, ಪೂರ್ತಿ ಸುರಿದಳು. ಅವಳು ಕೂಗಲಿಲ್ಲ. ಕಲ್ಲು ಕೂಗಿತು. ಆವಿ. ಬೆಂದ ಮಾಂಸದ ನಾತ. ಕಲ್ಲು ಅವಳ ಕೈ ಬಿಟ್ಟಿತು. ಒಳಗೆ ಬಿಂದುಮಾಧವನ ರಕ್ತ ನಿಂತಿತು.

ಪೊಲೀಸ್ ಫೌಜದಾರ ಬಂದಾಗ ಬಿಂದುಮಾಧವ ಚಳಿಜ್ವರದವನಂತೆ ಹೊದ್ದು ಮಲಗಿದ್ದ. ಅಂಗಿ ಹಗ್ಗದ ಮೇಲೆ ಬೆಳ್ಳಗೆ ತೂಗುತ್ತಿತ್ತು.

"ಕೈಗೇನಾತ್ರಿ, ಬಾಯಾರ?"

"ಕುದಿಯೋ ನೀರು ಬಿತ್ರಿ," ಎಂದಳು ಇಂದು. ಸುಳ್ಳೇನಲ್ಲ.

ಕೈ ಮಾಯಿತು. ಅಂಗೈಯ ಕಂದು ಕಲೆ ಹೋಗಲಿಲ್ಲ. ದೀಪಾವಳಿಯ ಪೂಜೆ ಮುಗಿಸಿ ಅಂಬಾಬಾಯಿ ಸೊಸೆಯ ಬಲಗೈಗೆ ತೀರ್ಥ ಹಾಕಿದರು. ತುಟಿಗೆ ಒಯ್ಯುವಷ್ಟರಲ್ಲಿ ಅಂಗೈ ಒಣಗಿತ್ತು. ಮತ್ತೆ ಹಾಕಿದರು. ಅದನ್ನೂ ಕಲೆ ಕುಡಿಯಿತು. ಕರು ಚೀಪುವಂಥ ಅದೇ ಸದ್ದು.

ಇಂದು ಬಲಗೈಯನ್ನು ಮುಷ್ಟಿ ಕಟ್ಟಿ ಬೆನ್ನ ಹಿಂದೆ ಒಯ್ದಳು.

"ನೀರೇ ಕುಡೀಲಿ. ಇದಕ್ಕ ರಕ್ತ ಅಂತೂ ಸಿಗೂದಿಲ್ಲ," ಎಂದು ಎಡಗೈ ಒಡ್ಡಿದಳು.

ಜನ್ಮದಲ್ಲಿ ಯಾರ ಎಡಗೈಗೂ ತೀರ್ಥ ಹಾಕದ ಅಂಬಾಬಾಯಿ ಈಗ ಹಾಕಿದರು.