ಐದನೇ ದಿನ ಊದಿದ ದೀಪ

ಮುದ್ದೇಬಿಹಾಳದ ಹತ್ತಿರ ಹಳೆಯ ಮನೆಗಳ ಬಯಲು ಮ್ಯೂಸಿಯಂ ಇದೆ. ಅದಕ್ಕಾಗಿ ಸಾಲೋಟಗಿಯ ಚನ್ನವ್ವನ ಮನೆಯನ್ನು ಕಲ್ಲು ಕಲ್ಲಾಗಿ ಬಿಚ್ಚಿದ ಗೌಂಡಿ ನಾನೇ. ಬಿಚ್ಚಲು ಹೋದಾಗ ಆಕೆ ತೀರಿ ಐದು ದಿನವಾಗಿತ್ತು. ಜೀವ ಹೋದ ಜಾಗದಲ್ಲಿ ದೀಪ ಉರಿಯುತ್ತಿತ್ತು.

“ಹನ್ನೊಂದು ದಿನ ಆರಬಾರದ್ರಿ, ತಡೀರಿ,” ಎಂದಳು ಮಗಳು ಶೈಲಶ್ರೀ.

ನನಗೆ ಅವಸರ. ಬಾಯಿಂದ ಊದಿಬಿಟ್ಟೆ.

“ಅವ್ವ ನಿನ್ನ ಬಿಡೂದಿಲ್ಲ,” ಎಂದಳು.

ಮೊನ್ನೆ ಸೋಮವಾರ ಮಟಮಟ ಮಧ್ಯಾಹ್ನ, ಮ್ಯೂಸಿಯಂನಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದ ಆ ಮನೆ ನೋಡಲು ಹೋದೆ. ಪಡಸಾಲೆಯ ಹಾಸುಗಲ್ಲೆಲ್ಲ ತಣ್ಣಗಿತ್ತು. ಒಂದು ಕಡೆ ಮಾತ್ರ ದುಂಡನೆಯ ಎಣ್ಣೆ ಕಲೆ, ಮುಟ್ಟಿದರೆ ಬಿಸಿ.

“ದಿನಾ ತಿಕ್ಕತೇವ್ರಿ, ಮತ್ತ ಬರ್ತೈತಿ,” ಎಂದ ಕಾವಲುಗಾರ.

ಅಂದು ಸಂಜೆಯೇ ಆ ಕಲೆ ನನ್ನ ಮನೆಯಲ್ಲಿ, ಮಂಚದ ತಲೆದೆಸೆಗೆ ಕಂಡಿತು. ಮಂಚ ಮೂರು ಸಲ ಸರಿಸಿದೆ. ಕಲೆಯೂ ಸರಿಯಿತು.

ಚನ್ನವ್ವನ ದೀಪ ಇನ್ನೂ ಆರು ದಿನ ಉರಿಯಬೇಕಿತ್ತು. ಇವತ್ತು ಶನಿವಾರ, ಕಲೆ ಬಂದ ಆರನೆಯ ದಿನ.