ಅಮ್ಮಣ್ಣಿಯ ಆರು ಸೀಸೆ

"ಕದ್ದುಬಿಟ್ರು ಮಾರಾಯ್ರೆ! ನನ್ನ ಹೆಂಡ್ತಿಯ ಜೀವವನ್ನೇ ಕದ್ದುಬಿಟ್ರು!"

ಚೆನ್ನೈನ ಮೈಲಾಪೂರಿನಲ್ಲಿ ಹೋಟೆಲು ನಡೆಸುವ ಕಿಟ್ಟಣ್ಣ ಬೆಳಗಿನ ಎಂಟಕ್ಕೆ ಊರ್ಮಿಳಾ ಮೇಡಂ ಬಾಗಿಲಲ್ಲಿ ನಿಂತು ಹೀಗೆ ಕೂಗಿದಾಗ ಜಯರಾಮನ ಕೈಯಲ್ಲಿದ್ದ ಕಾಫಿ ತುಳುಕಿತು. ರೈಲ್ವೆ ವಿಜಿಲೆನ್ಸಿನಲ್ಲಿ ಮೇಡಂ ಕೈಕೆಳಗೆ ಇಪ್ಪತ್ತು ವರ್ಷ ಗುಮಾಸ್ತನಾಗಿದ್ದವನು ಅವನು. ಇಬ್ಬರೂ ನಿವೃತ್ತರಾಗಿದ್ದರು. ಆದರೂ ಯಾರದಾದರೂ ಗೋಳು ಬಾಗಿಲಿಗೆ ಬಂದರೆ ಮೇಡಂ ಮುಂದೆ, ಜಯರಾಮ ಹಿಂದೆ.

ಕಳುವಾದದ್ದು ಆರು ಸೀಸೆ ಲಸಿಕೆ. ಕಿಟ್ಟಣ್ಣನ ಹೆಂಡತಿ ಅಮ್ಮಣ್ಣಿಗೆ ಕ್ಯಾನ್ಸರ್. ಬೇರೆ ಔಷಧಿಗಳೆಲ್ಲ ಸೋತಿದ್ದವು. ಪಲ್ಲಾವರಂ ಕಡೆಯ ಒಂದು ಸಂಶೋಧನಾ ಆಸ್ಪತ್ರೆಯಲ್ಲಿ ಅಂದೇ ಮೊದಲ ಚುಚ್ಚುಮದ್ದು ಕೊಡಬೇಕಿತ್ತು.

"ಅದು ಅಮ್ಮಣ್ಣಿಯವರದೇ ಕ್ಯಾನ್ಸರ್ ಗಡ್ಡೆಯ ಜೀವಕಣಗಳು ಮೇಡಂ," ಎಂದರು ಅಲ್ಲಿನ ಡಾಕ್ಟರ್ ಭಾವನಾ. "ಅದರೊಳಗೆ ಒಂದು ಜೀನ್ ಸೇರಿಸಿದ್ದೀವಿ. ಅದರಿಂದ ಮೈಯ ರಕ್ಷಣಾ ಕಣಗಳು ಎಚ್ಚೆತ್ತು ಕ್ಯಾನ್ಸರನ್ನ ಗುರುತು ಹಿಡೀಬೇಕು. ಕಣಗಳು ಮತ್ತೆ ಬೆಳೀಬಾರದು ಅಂತ ವಿಕಿರಣ ಕೊಟ್ಟು, ದ್ರವ ಸಾರಜನಕದ ಟ್ಯಾಂಕಲ್ಲಿ ಹೆಪ್ಪುಗಟ್ಟಿಸಿ ಇಡ್ತೀವಿ."

ಟ್ಯಾಂಕಿದ್ದ ಕೋಣೆಯ ಬೀಗ ಒಡೆದಿರಲಿಲ್ಲ. ಅದರ ನಂಬರು ಗೊತ್ತಿದ್ದವರು ಮೂವರೇ: ಭಾವನಾ, ಉಗ್ರಾಣದ ಮೋಹನ್, ಯಂತ್ರ ನಡೆಸುವ ದಿನೇಶ್. ಮೂಲೆಯಲ್ಲಿ ವಿಕಿರಣದ ಯಂತ್ರವಿತ್ತು. ಅದರ ಬಾಗಿಲಿಗೂ ಚೌಕಟ್ಟಿಗೂ ಸೇರಿಸಿ ಎಳೆದ ಗಂಧದ ಪಟ್ಟೆ, ಮೇಲೆ ಕುಂಕುಮ. ಜಯರಾಮ ಕೈಮುಗಿದ.

"ಅದೇನು ದೇವರೇನಯ್ಯಾ?" ಮೇಡಂ ರೇಗಿಸಿದರು.

"ಕೈ ತಾನಾಗೇ ಮೇಲೆ ಹೋಯ್ತು ಮೇಡಂ."

"ಆಯುಧಪೂಜೆ ದಿನ ಬೆಳಿಗ್ಗೆ ಹತ್ತಕ್ಕೆ ಹಚ್ಚಿದ್ದು," ಎಂದ ಮೋಹನ್. "ಮೂರು ವಾರ ಆಯ್ತು. ಅವತ್ತು ಮಧ್ಯಾಹ್ನ ಅಮ್ಮಣ್ಣಿಯವರ ಸೀಸೆಗಳಿಗೆ ವಿಕಿರಣ ಆಯ್ತಲ್ಲ, ಅದೇ ಕೊನೆ. ಆಮೇಲೆ ಬೇರೆ ರೋಗಿ ಬಂದಿಲ್ಲ."

ಮೇಡಂ ದಾಖಲೆ ಪುಸ್ತಕ ತರಿಸಿ ಓದಿದರು. ಪೂಜೆಯ ದಿನ, ಮಧ್ಯಾಹ್ನ ಮೂರು ಗಂಟೆ, ದಿನೇಶನ ಸಹಿ. ಯಂತ್ರದ ಮುಂದೆ ಕನ್ನಡಕ ಏರಿಸಿ ಬಹಳ ಹೊತ್ತು ನಿಂತರು. ಆಮೇಲೆ ಎಲ್ಲರನ್ನೂ ಕರೆಸಿದರು. ಅಮ್ಮಣ್ಣಿ ಗಾಲಿಕುರ್ಚಿಯಲ್ಲಿ ಬಂದರು. ಬಡಕಲಾಗಿದ್ದ ಅವರನ್ನು ಕಂಡು ಜಯರಾಮ ಕುರ್ಚಿಗೆ ಜಾಗ ಮಾಡಿಕೊಟ್ಟ.

"ಈ ಸೀಸೆ ಕದ್ದು ಯಾರಿಗೆ ಲಾಭ?" ಮೇಡಂ ಶುರುಮಾಡಿದರು. "ಅಮ್ಮಣ್ಣಿಯವರ ಕಣ ಇನ್ನೊಬ್ಬರಿಗೆ ಉಪಯೋಗ ಇಲ್ಲ, ಮಾರೋಕಾಗಲ್ಲ. ಹಾಳು ಮಾಡೋದಾದ್ರೆ ಟ್ಯಾಂಕಿನ ಮುಚ್ಚಳ ತೆಗೆದಿಟ್ಟಿದ್ರೆ ಸಾಕಿತ್ತು. ಅಂದ್ಮೇಲೆ ಕಳ್ಳನಿಗೆ ಬೇಕಾಗಿದ್ದು ಒಂದೇ, ಇವತ್ತಿನ ಚುಚ್ಚುಮದ್ದು ನಿಲ್ಲಬೇಕು. ಯಾಕೆ? ಆ ಗಂಧ ನೋಡಿ. ಹತ್ತಕ್ಕೆ ಬಳಿದಿದ್ದು ಬಾಗಿಲ ಸಂದಿನಲ್ಲಿ ಒಂದು ಎಳೆಯೂ ಬಿರುಕು ಬಿಟ್ಟಿಲ್ಲ. ಮೂರಕ್ಕೆ ಬಾಗಿಲು ತೆಗೆದಿದ್ರೆ ಪಟ್ಟೆ ಎರಡು ತುಂಡಾಗ್ತಿತ್ತು. ಆ ಕಣಗಳಿಗೆ ವಿಕಿರಣ ಆಗಲೇ ಇಲ್ಲ."

ಭಾವನಾ ದಾಖಲೆ ಪುಸ್ತಕ ಕಿತ್ತುಕೊಂಡು ಆ ಸಹಿ ನೋಡಿದರು. "ಅಯ್ಯೋ ದೇವರೇ! ಜೀವಂತ ಕ್ಯಾನ್ಸರ್ ಕಣಗಳನ್ನ ಚುಚ್ಚಿಬಿಡ್ತಿದ್ದೆ!"

"ಅದು ಗೊತ್ತಿದ್ದವನು ಸುಳ್ಳು ಬರೆದವನೊಬ್ಬನೇ," ಎಂದರು ಮೇಡಂ. "ಸೀಸೆ ಎಲ್ಲಪ್ಪಾ ದಿನೇಶ್?"

ಪೆರಂಬೂರಿನಲ್ಲೇ ಹುಟ್ಟಿ ಬೆಳೆದ ದಿನೇಶ್ ಕೈಜೋಡಿಸಿದ. "ಹಳೇ ಟ್ಯಾಂಕಲ್ಲಿದೆ ಮೇಡಂ, ಭದ್ರವಾಗಿದೆ. ನಮ್ಮಪ್ಪ ಇಲ್ಲಿನ ರೈಲು ಕೋಚ್ ಫ್ಯಾಕ್ಟರಿಲಿ ಇದ್ರು. ಪೂಜೆಗಿಟ್ಟ ಮೆಷಿನ್ ಅವತ್ತು ಮುಟ್ಟಬಾರದು ಅಂತ ಚಿಕ್ಕಂದಿನಿಂದ ಹೇಳಿಕೊಟ್ಟಿದ್ರು. ನಾಳೆ ಮಾಡಿದ್ರಾಯ್ತು ಅಂತ ಬರೆದುಬಿಟ್ಟೆ. ಮರುದಿನ ಬರೋಷ್ಟರಲ್ಲಿ ಮೋಹನ್ ಸಾರ್ ಹೆಪ್ಪುಗಟ್ಟಿಸಿಟ್ಟಿದ್ರು, ಇನ್ನು ವಿಕಿರಣ ಕೊಡೋಕಾಗಲ್ಲ ಅಂದ್ಕೊಂಡೆ. ಕೆಲಸ ಹೋಗುತ್ತೇಂತ ಬಾಯಿ ಬಿಡಲಿಲ್ಲ. ನಿನ್ನೆ ಸಂಜೆ ಮಾತ್ರ ತಡೆಯೋಕಾಗ್ಲಿಲ್ಲ ಮೇಡಂ, ಬೆಳಗಾದ್ರೆ ಚುಚ್ತಾರಲ್ಲ ಅಂತ ಎತ್ತಿಟ್ಟೆ. ಸತ್ಯಮಾ, ದೇವರಾಣೆ."

"ನಿನ್ನ ಮಡಿಗೆ ಇವಳು ಸಾಯಬೇಕಿತ್ತಾ?" ಕಿಟ್ಟಣ್ಣ ಅವನ ಕಾಲರಿಗೇ ಕೈಹಾಕಿದ. ಜಯರಾಮ ಬಿಡಿಸಿದ. ನಿಜ ಹೇಳಬೇಕೆಂದರೆ ಅವನಿಗೂ ಎರಡು ಬಿಗಿಯಬೇಕೆನಿಸಿತ್ತು.

"ಹೆಪ್ಪುಗಟ್ಟಿದ ಹಾಗೇ ವಿಕಿರಣ ಕೊಡಬಹುದು," ಎಂದರು ಭಾವನಾ. "ಆದರೆ ಸಂಶೋಧನೆಗೆ ಒಪ್ಪಿಗೆ ಕೊಡೋ ಸಮಿತಿಗೆ ತಿಳಿಸಿ, ಪರೀಕ್ಷೆ ಎಲ್ಲ ಮೊದಲಿಂದ ಮಾಡಬೇಕು. ಇನ್ನೂ ಮೂರು ವಾರ ಬೇಕು."

ಅಮ್ಮಣ್ಣಿ ತಲೆಯೆತ್ತಿದರು.

"ಮೂರು ವಾರ ನನ್ನ ಹತ್ರ ಉಂಟಾ ಡಾಕ್ಟ್ರೇ?"

ಕಿಟ್ಟಣ್ಣ ಹೆಂಡತಿಯ ಮಡಿಲಲ್ಲಿ ತಲೆಯಿಟ್ಟು ಗೊಳೋ ಎಂದು ಅತ್ತ. ಅಮ್ಮಣ್ಣಿ ಅವನ ಬೆನ್ನು ಸವರುತ್ತಾ, ದಿನೇಶನನ್ನೇ ನೋಡುತ್ತಾ ಹೇಳಿದರು:

"ಉಂಟು ಅಂತಲೇ ಇಟ್ಟುಕೊಳ್ಳುವ. ಈಗಲೇ ಶುರು ಮಾಡಿ."