ಟೊಳ್ಳು ಹರಳಿನ ಹಟ

"ಇದು ವೇಸ್ಟ್. ನೆಕ್ಸ್ಟ್ ಮಾಲಿಕ್ಯೂಲ್‌ಗೆ ಹೋಗೋಣ."

ಅಷ್ಟೇ! ಒಂದೇ ಮಾತಿನಲ್ಲಿ ಜ್ಯೋತ್ಸ್ನಾಳ ಶ್ರಮವೆಲ್ಲ ನೀರುಪಾಲಾಯಿತು.

ಹೇಳಿದವನು ಇಶಾನ್. ಸಿಂಗಾಪುರದ ಪುಂಗೋಲ್‌ನಲ್ಲಿ ಬೆಳೆದ ಕನ್ನಡದ ಹುಡುಗ, ಅಲ್ಲಿನ ಲ್ಯಾಬಿಗೆ ಅಂದೇ ಕಾಲಿಟ್ಟ ಕಂಪ್ಯೂಟರ್ ಪಂಡಿತ. ಯಾವ ವಸ್ತು ಮಾಡಬೇಕು, ಯಾವುದು ಬೇಡ ಎಂದು ಪರದೆಯ ಮೇಲೆ ಲೆಕ್ಕ ಹಾಕುವುದು ಅವನ ಕೆಲಸ. ಕೈಯಾರೆ ಮಾಡುವುದು ಮೈಸೂರಿನ ಜ್ಯೋತ್ಸ್ನಾಳ ಪಾಡು! ಮೈತುಂಬಾ ಸೂಕ್ಷ್ಮ ರಂಧ್ರಗಳಿದ್ದು, ಹೊಗೆಯೊಳಗಿನ ಕಾರ್ಬನ್ ಡೈಆಕ್ಸೈಡನ್ನು ಹೀರಿ ಹಿಡಿದಿಡುವ ಹರಳು ಅವಳ ಕನಸು.

"ಅಣುಗಳು ಒತ್ತೊತ್ತಾಗಿ ಕೂತುಬಿಡುತ್ವೆ. ಗ್ಯಾಸ್‌ಗೆ ಒಳಗೆ ಜಾಗಾನೇ ಇರಲ್ಲ lah," ಎಂದ ಇಶಾನ್, ಸಿಂಗಾಪುರದವರ 'lah' ಬಾಲಂಗೋಚಿ ಸೇರಿಸಿ.

"ನಿಮ್ಮ ಕಂಪ್ಯೂಟರ್ ಯಾವತ್ತಾದ್ರೂ ಗ್ಲೌಸ್ ಹಾಕ್ಕೊಂಡು ಹರಳು ಬೆಳೆಸಿದೆಯಾ?"

ಮೀಟಿಂಗ್ ರೂಮಿನಲ್ಲಿ ಎಲ್ಲರ ತಲೆಯೂ ಇವರತ್ತ ತಿರುಗಿತು!

ಪ್ರೊಫೆಸರ್ ಅರುಂಧತಿ ಕನ್ನಡಕ ತೆಗೆದರು. "ಮುಂದಿನ ಮೀಟಿಂಗ್‌ವರೆಗೆ ಟೈಮ್ ಕೊಡ್ತೀನಿ ಜ್ಯೋತ್ಸ್ನಾ. ಆಗ್ಲಿಲ್ಲ ಅಂದ್ರೆ ಈ ಪ್ರಾಜೆಕ್ಟ್ ಕ್ಲೋಸ್."

ಕ್ಲೋಸ್ ಆದರೆ ಪಿಎಚ್‌ಡಿ ಮತ್ತೆ ಅ ಆ ಇ ಈಯಿಂದ. 'ಮಾಡೇ ತೋರಿಸ್ತೀನಿ! ಅವನ ಕಣ್ಣೆದುರಿಗೇ...'

ಹಟ ಫಲಿಸಿತು. ಪುಟ್ಟ ಸೀಸೆಯ ದ್ರಾವಕದಲ್ಲಿ, ಅಂದರೆ ಸಾಲ್ವೆಂಟ್‌ನಲ್ಲಿ ಹರಳುಗಳು ಮಿನುಗಿದವು. ಆದರೆ ಊಟ ಮುಗಿಸಿ ಬಂದವಳಿಗೆ ಕಂಡದ್ದು ಖಾಲಿ ಸೀಸೆ, ಕಾಗದದ ಮೇಲೆ ಬಿಳಿ ಪುಡಿ... ಪಕ್ಕದಲ್ಲಿ ಇಶಾನ್!

"ಹರಳಿನ ರಚನೆ ನೋಡೋ ಎಕ್ಸ್-ರೇ ಮೆಷೀನ್ ಫ್ರೀ ಇತ್ತು. ಹೆಲ್ಪ್ ಆಗ್ಲಿ ಅಂತ ಫಿಲ್ಟರ್ ಮಾಡಿ ಒಣಗಿಸಿಟ್ಟೆ..."

"ಒಣಗಿಸಿದ್ಯಾ?! ಆ ಸಾಲ್ವೆಂಟ್ ಒಳಗೆ ತುಂಬ್ಕೊಂಡಿದ್ದಕ್ಕೇ ರಂಧ್ರ ಕುಸೀದೆ ನಿಂತಿತ್ತು ಕಣೋ! ನಿಧಾನಕ್ಕೆ ಹೊರಗೆ ತೆಗೀಬೇಕು ಅದನ್ನ. ಬೇಕಂತ್ಲೇ ಮಾಡ್ದೆ ಅಲ್ವಾ? ನಿನ್ನ ಲೆಕ್ಕ ಗೆಲ್ಬೇಕಿತ್ತು!"

'ನೀವು' ಹೋಗಿ 'ನೀನು' ಬಂದದ್ದು ಅವಳಿಗೇ ತಿಳಿಯಲಿಲ್ಲ.

ಇಶಾನ್ ಪೆಚ್ಚಾದ. ಅವನ ಪರದೆಯ ಮೇಲೆ ರಂಧ್ರಗಳು ಯಾವಾಗಲೂ ಖಾಲಿಯೇ. ಸಾಲ್ವೆಂಟ್ ಎಂಬುದೊಂದಿದೆ ಎಂದು ಅವನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ!

ಎರಡು ದಿನ ಬಿಟ್ಟು ಊಟದಂಗಡಿಗಳ ಹಾಕರ್ ಸೆಂಟರ್‌ನಲ್ಲಿ ಅವಳೆದುರು ಬಂದು ಕುಳಿತ.

"ಸಾಲ್ವೆಂಟ್ ಸೇರಿಸಿ ಮತ್ತೆ ಲೆಕ್ಕ ಹಾಕ್ದೆ. ನೀನೇ ಸರಿ. ತಪ್ಪು ನಂದು ಅಂತ ಮೇಡಂಗೆ ಹೇಳ್ಬಿಟ್ಟೆ. ಪ್ರಾಜೆಕ್ಟ್ ಕ್ಲೋಸ್ ಮಾಡಲ್ವಂತೆ."

ಬೇರೆ ಹುಡುಗಿಯಾಗಿದ್ದರೆ ಕರಗುತ್ತಿದ್ದಳೋ ಏನೋ. ಇವಳು ಉರಿದುಬಿದ್ದಳು.

"ಯಾರು ಕೇಳಿದ್ರು ನಿನ್ನ? ಮೊನ್ನೆ ನಿನ್ನ ಮಾತಿಗೆ ನನ್ನ ಕೆಲಸ ಸಾಯ್ಬೇಕಿತ್ತು, ಇವತ್ತು ನಿನ್ನ ಮಾತಿಗೆ ಬದುಕ್ಬೇಕಾ? ನನ್ನ ಹರಳೇ ಹೇಳಲಿ!"

ನೆಟ್ಟಗೆ ಅರುಂಧತಿಯವರ ಬಳಿಗೆ ಹೋದಳು. "ನೀವು ಕೊಟ್ಟ ಗಡುವು ಹಾಗೇ ಇರ್ಲಿ ಮೇಡಂ. ನಂಗೆ ವಿನಾಯಿತಿ ಬೇಡ."

ಮತ್ತೆ ಬೆಳೆಸಿದಳು. ಹಳೆಯ ಸಾಲ್ವೆಂಟ್ ಬದಲು ಬೇಗ ಆವಿಯಾಗುವ ಹಗುರವಾದದ್ದನ್ನು ತುಂಬಿ, ತಾಳ್ಮೆಯಿಂದ ಖಾಲಿ ಮಾಡಿದಳು. ಇಶಾನ್ ಏನನ್ನೂ ಮುಟ್ಟದೆ, ಕೈಕಟ್ಟಿ ದೂರ ನಿಂತು ಕಲಿತ. 'ಇಷ್ಟು ಬೈದ್ರೂ ಹೋಗ್ತಿಲ್ವಲ್ಲ...' ಎಂದುಕೊಂಡವಳಿಗೆ, ಅವನು ಹೋಗದಿರಲಿ ಎಂದೇ ಆಸೆಯಾಗುತ್ತಿತ್ತು. ತನ್ನ ಮೇಲೇ ಸಿಟ್ಟು ಬಂತು!

ಮೀಟಿಂಗಿನ ದಿನ. ಎಲ್ಲರೆದುರೇ ಹರಳಿಟ್ಟ ಮೆಷೀನಿಗೆ ಗ್ಯಾಸ್ ಬಿಟ್ಟಳು.

ಪರದೆಯ ಮೇಲಿನ ಗೆರೆ ಸರ್ರನೆ ಮೇಲೇರಿತು! ಹರಳು ಗ್ಯಾಸನ್ನು ಹೀರುತ್ತಿತ್ತು!

"ಪ್ರಾಜೆಕ್ಟ್ ನಿಂದೇ. ನೀನೇ ಗೆದ್ದಿದ್ದು," ಎಂದರು ಅರುಂಧತಿ.

ಎಲ್ಲರೂ ಹೋದರು. ಇಶಾನ್ ಉಳಿದ.

"ಜ್ಯೋತ್ಸ್ನಾ... ಐ ಲವ್ ಯೂ. ಬೈಸ್ಕೊಳ್ಳೋಕೂ ರೆಡಿ."

ಅವಳ ಕಣ್ಣು ತುಂಬಿತು. ಆದರೂ ಗಲ್ಲ ಮೇಲೆತ್ತಿದಳು.

"ನಾಳೆ ಮತ್ತೆ ನಂದು ತಪ್ಪು ಅನ್ಸಿದ್ರೆ?"

"ಎಲ್ರ ಮುಂದೆ ಹೇಳ್ತೀನಿ."

"ನಾನು ಎಲ್ರ ಮುಂದೆ ಜಗಳ ಆಡ್ತೀನಿ."

"ಆಡು lah."

"ಜೀವನಪೂರ್ತಿ ಆಡ್ತೀನಿ ಕಣೋ..." ಎನ್ನುತ್ತಾ ಅವನ ಕೈ ಹಿಡಿದವಳು ಅವಳೇ!